ಸಾವಯವ ಸೊಪ್ಪು: ನೀರು ಯಾವ ಊರಿನದು?

ಬ್ಯಾಡರಹಳ್ಳಿಯ ತಳ್ಳುಗಾಡಿಯಲ್ಲಿ ಸೊಪ್ಪು ಕೊಳ್ಳುವಾಗ ನೀವು ಬೆಲೆ ಕೇಳುತ್ತೀರಿ. ಎಲ್ಲಿ, ಯಾವ ನೀರಿನಲ್ಲಿ ಬೆಳೆದದ್ದು ಎಂದು ಎಂದಾದರೂ ಕೇಳಿದ್ದೀರಾ?

ಸಾವಯವ ಕೃಷಿ ಎಲ್ಲ ಕಡೆ ಒಂದೇ ಸಮನಾಗಿ ಬೆಳೆದಿಲ್ಲ. 2003ರಲ್ಲಿ ಸಂಕಲ್ಪ ಮಾಡಿದ ಸಿಕ್ಕಿಂ 2016ರಲ್ಲಿ ಪೂರ್ಣ ಸಾವಯವ ರಾಜ್ಯವೆನಿಸಿತು. ಅಲ್ಲಿನ ಗುಡ್ಡಗಾಡಿನ ರೈತರು ಮೊದಲಿನಿಂದಲೂ ರಾಸಾಯನಿಕ ಗೊಬ್ಬರ ಬಳಸಿದ್ದು ಕಡಿಮೆ. ನೀರಾವರಿಯ ಪಂಜಾಬಿನಲ್ಲಿ ಗೋಧಿ, ಭತ್ತಗಳು ಗೊಬ್ಬರಕ್ಕೆ ಒಗ್ಗಿಹೋಗಿವೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಆದರೂ ಮಳೆ ನಂಬಿದ ರಾಗಿ ಹೊಲ ಬದಲಾದಷ್ಟು ಸುಲಭವಾಗಿ ಕಾಲುವೆ ಕೆಳಗಿನ ಭತ್ತದ ಗದ್ದೆ ಬದಲಾಗದು.

ನಮ್ಮ ಪಶ್ಚಿಮ ಬೆಂಗಳೂರಿಗೆ ಇನ್ನೊಂದು ತೊಡಕಿದೆ. ಕೆಂಗೇರಿ ದಾಟಿ ಬಿಡದಿಯತ್ತ ಹರಿಯುವ ವೃಷಭಾವತಿಗೆ ಚರಂಡಿ, ಕಾರ್ಖಾನೆಗಳ ಕೊಳೆ ಸೇರಿದೆ. ಇಂಥ ನೀರುಂಡ ಸೊಪ್ಪಿನಲ್ಲಿ ಸೀಸದಂಥ ಭಾರಲೋಹಗಳು ಸೇರಬಹುದು. ಸೀಸ ಮಕ್ಕಳ ಮಿದುಳಿಗೆ ಹಾನಿಕರ. ತೊಳೆದರೆ ಮಣ್ಣು, ಮೇಲಂಟಿದ ಕೀಟನಾಶಕ ಒಂದಿಷ್ಟು ಹೋಗುತ್ತದೆ. ಗಿಡವೇ ಹೀರಿಕೊಂಡ ಲೋಹ ಹೋಗದು. ಕೊಟ್ಟಿಗೆ ಗೊಬ್ಬರ ಹಾಕಿದರೂ ನೀರು ಕೆಟ್ಟದಾದರೆ ಫಲವೇನು?

ಹಾಗೆಂದು ಹೆದರಿ ಸೊಪ್ಪು ತಿನ್ನುವುದನ್ನು ಬಿಡಬೇಡಿ. ಪೊಟ್ಟಣದ ಪದಾರ್ಥವಾದರೆ ಸಾವಯವ ಪ್ರಮಾಣೀಕರಣದ ಗುರುತು ನೋಡಿ. ಬಿಡಿ ಸೊಪ್ಪಾದರೆ ಊರು, ನೀರು ವಿಚಾರಿಸಿ. ಕೊಳವೆಬಾವಿ ನೀರಿನಲ್ಲಿ ಬೆಳೆಯುವ ಪರಿಚಯದ ರೈತರಿದ್ದರೆ ಅವರಿಂದಲೇ ಕೊಳ್ಳಿ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತಾರಸಿಯಲ್ಲಿ ನಾಲ್ಕು ಕುಂಡವಿಟ್ಟರೆ ಮೆಂತ್ಯ, ಕೊತ್ತಂಬರಿಯಾದರೂ ಮನೆಯದೇ ಆಗುತ್ತದೆ. ಆಗ ಗೊಬ್ಬರವೂ ನಿಮ್ಮದೇ, ನೀರೂ ನಿಮ್ಮದೇ.