ಕಬ್ಬಿನ ಬಿಲ್ಲು, ಕುಸುರೆಳ್ಳಿನ ಸರ

"ಯಾವ ಶಿರೂರ್ರೀ? ಉಡುಪಿ ಕಡೀದೋ, ಬಾಗಲಕೋಟಿ ಕಡೀದೋ?"

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ನಮ್ಮದು ಅವೆರಡೂ ಅಲ್ಲ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಮೊದಲಿನ ಅಹಮದನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಘೋಡ ನದಿಯ ದಂಡೆಗಿರುವ ಶಿರೂರು. ಹಳೆಯ ಜನ ಈಗಲೂ ಊರನ್ನು ನದಿಯ ಹೆಸರಿನಿಂದಲೇ 'ಘೋಡನದಿ' ಅನ್ನುತ್ತಾರೆ. ಹತ್ತಿರದ ರಾಂಜಣಗಾವ್ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ನಮ್ಮನೆಯವರಿಗೆ ಕೆಲಸ. ಮದುವೆಯಾಗಿ ಬಾಗಲಕೋಟೆಯಿಂದ ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು.

ಹೋದ ತಿಂಗಳು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗಳು ಮೊಬೈಲಿಗೆ ಒಂದು ಇಂಗ್ಲಿಷ್ ಇ-ಪುಸ್ತಕ ಕಳಿಸಿದಳು. ಜೊತೆಗೊಂದು ಎಚ್ಚರಿಕೆ: "ಅಕ್ಕಾ, ಮನ್ಯಾಗ ಯಾರೂ ಇಲ್ಲದಾಗ ಓದು." ಸಣ್ಣ ಸಣ್ಣ ಪ್ರೇಮಕತೆಗಳು. ಪ್ರತಿ ಕತೆಗೂ ಒಂದೊಂದು ಸಿಹಿತಿಂಡಿ. ಒಂದರಲ್ಲಿ ಚಾಕೊಲೇಟ್ ಕರಗುತ್ತದೆ, ಇನ್ನೊಂದರಲ್ಲಿ ಕೇಕಿನ ಕೆನೆ ಎಲ್ಲೆಲ್ಲೋ ಅಂಟುತ್ತದೆ. ಮಕ್ಕಳು ಶಾಲೆಯಿಂದ ಬರುವುದರೊಳಗೆ ಮುಗಿಸಿಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಫ್ಯಾನು ಜೋರು ಮಾಡಿಕೊಂಡೇ ಓದಿದೆ.

ರಾತ್ರಿ ಅವಳ ಇನ್ನೊಂದು ಸಂದೇಶ: "ಇಂಥವು ಕನ್ನಡದಾಗ ಯಾಕಿಲ್ಲಕ್ಕಾ?"

"ನಾವು ಬರದಿಲ್ಲ, ಮಾಡಿ ತಿಂದೀವಿ" ಎಂದು ನಗೆಯಾಡಿ ಫೋನ್ ಇಟ್ಟೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಉಳಿಯಿತು. ಈ ಬರಹ ಅದಕ್ಕೆ ಕೊಡುತ್ತಿರುವ ತಡವಾದ ಉತ್ತರ.

ಮೊದಲ ಸಂಕ್ರಾಂತಿ

ಶಿರೂರಿಗೆ ಬಂದ ವರ್ಷ ಮರಾಠಿ ನನಗೆ ಅಷ್ಟಕ್ಕಷ್ಟೆ. ಕೆಳಗಿನ ಮನೆಯ ಕಾಕು ಸಂಕ್ರಾಂತಿಗೆ ವಾರವಿದ್ದಾಗ ಬಂದು ನನ್ನ ಮಣಿಕಟ್ಟಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಹಬ್ಬದ ದಿನ ಕಪ್ಪು ಸೀರೆ ಉಡಿಸಿ ಕೂರಿಸಿದಾಗ ಗೊತ್ತಾಯಿತು. ಬಳೆ, ಕೊರಳ ಸರ, ಬೈತಲೆಯ ಬಿಂದಿ, ತೋಳಬಂದಿ, ನಡುಪಟ್ಟಿ ಎಲ್ಲವೂ ಸಕ್ಕರೆಯವು! ಮರಾಠಿಗರ 'ಹಲವ್ಯಾಚೆ ದಾಗಿನೆ'. ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ ಹಾಕುವ ಒಡವೆ.

ನನಗದು ಹೊಸದೇನಲ್ಲ. ನಮ್ಮ ಕಡೆ ಕುಸುರೆಳ್ಳು ಅನ್ನುತ್ತೇವಲ್ಲ, ಅದೇ. ಮಾಡಿದವರಿಗೆ ಗೊತ್ತು ಅದರ ಕಷ್ಟ. ಬಿಳಿ ಎಳ್ಳನ್ನು ಪರಾತದಲ್ಲಿ ಹಾಕಿ, ಕೆಳಗೆ ಇದ್ದೂ ಇಲ್ಲದಂಥ ಉರಿ ಇಟ್ಟು, ತೆಳ್ಳನೆ ಸಕ್ಕರೆ ಪಾಕವನ್ನು ಒಂದೊಂದೇ ಚಮಚ ಬಿಡುತ್ತ ಬೆರಳಲ್ಲಿ ಹೊರಳಿಸುತ್ತ ಇರಬೇಕು. ಪಾಕ ಹೆಚ್ಚಾದರೆ ಮುದ್ದೆ. ಉರಿ ಹೆಚ್ಚಾದರೆ ಸಕ್ಕರೆ ಕೆಂಪಗಾಗುತ್ತದೆ. ಅವಸರ ಮಾಡಿದರೆ ಕೆಟ್ಟಿತು. ದಿನಕ್ಕೆ ಇಷ್ಟಿಷ್ಟೇ, ಮೂರ್ನಾಲ್ಕು ದಿನ ಹೊರಳಿಸಿದ ಮೇಲೆ ಒಂದೊಂದು ಎಳ್ಳಿಗೂ ಬೆಳ್ಳನೆ ಮುಳ್ಳು ಮೂಡುತ್ತವೆ.

ಅಂದು ರಾತ್ರಿ ಒಡವೆ ಬಿಚ್ಚಿಡಲು ಕನ್ನಡಿ ಮುಂದೆ ಕುಳಿತಿದ್ದೆ. ಎರಡನೇ ಪಾಳಿ ಮುಗಿಸಿ ಬಂದ ಇವರು ಬಾಗಿಲಲ್ಲೇ ನಿಂತರು. "ಇದನ್ನ ತಿನ್ನಬಹುದೇನು?" ಎಂದು ಕೇಳಿದರು. "ಕೇಳಿ ತಿನ್ನೋರು ನೀವೊಬ್ರೇ" ಎಂದೆ. ಕೊರಳ ಸರದ ಒಂದು ಕಾಳನ್ನು ಕೈಯಿಂದಲ್ಲ, ಹಲ್ಲಿನಿಂದ ಬಿಡಿಸಿಕೊಂಡರು. ಆಮೇಲೆ ಇನ್ನೊಂದು. ದಾರ ಹರಿದು ಕಾಳು ಬೆನ್ನ ಮೇಲಿಂದ ಜಾರಿದವು. ಮೈಬೆಚ್ಚಗೆ ಸಕ್ಕರೆ ಅಂಟಂಟಾಗಿತ್ತು. ಬೆಳಿಗ್ಗೆ ಹಾಸಿಗೆ ತುಂಬ ಇರುವೆ. ಕಾಕು ಸರ ಎಲ್ಲಿ ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ಸುಮ್ಮನೆ ನಕ್ಕರು. ಕೇಕಿನ ಕೆನೆಯ ಕತೆ ಓದುವಾಗ ನನಗೆ ನೆನಪಾದದ್ದು ಆ ರಾತ್ರಿಯೇ.

ಬಾಯಿ ಬಂದ ಹೆಸರು

ಆ ಸಂಜೆ ಇನ್ನೂ ಒಂದು ನಡೆದಿತ್ತು. "ನಾವ್ ಘೇ ಗ!" ಎಂದು ಹೆಂಗಸರೆಲ್ಲ ದುಂಬಾಲು ಬಿದ್ದರು. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವ 'ಉಖಾಣಾ'. ನಮ್ಮ ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಡಪು. ಮರಾಠಿ ಬಾರದಿದ್ದರೆ ಕನ್ನಡದಲ್ಲೇ ಹೇಳು ಎಂದರು ಕಾಕು. ನಾನು ಅಲ್ಲೇ ಕಟ್ಟಿದೆ:

"ಸಣ್ಣ ಉರಿಮ್ಯಾಲ ಎಳ್ಳಿಗೆ ಮೂಡ್ಯಾವ ಬೆಳ್ಳನ ಮುಳ್ಳು, ನಮ್ಮ ರಾಯರು ನನ್ನವರು, ಇದರಾಗಿಲ್ಲ ಸುಳ್ಳು." ರಾಯರು ಅನ್ನುವ ಜಾಗದಲ್ಲಿ ಹೆಸರಿತ್ತು, ಇಲ್ಲಿ ಬೇಡ.

ಅರ್ಥವಾಗದಿದ್ದರೂ ಎಲ್ಲರೂ ಚಪ್ಪಾಳೆ ಹೊಡೆದರು. ಮದುವೆಯಲ್ಲಿ ಹುಡುಗ ಹುಡುಗಿ ಒಬ್ಬರ ಬಾಯಿಗೊಬ್ಬರು ಸಿಹಿ ಇಡುವಾಗಲೂ ಹೀಗೇ. ಮರಾಠಿಗರು ಅದಕ್ಕೆ 'ಘಾಸ್ ಭರವಣೆ' ಅನ್ನುತ್ತಾರೆ. ತುತ್ತು ಇಡಬೇಕಾದರೆ ಮೊದಲು ಹೆಸರು ಹೇಳಬೇಕು. ಅವರಲ್ಲಿ ನಿಶ್ಚಿತಾರ್ಥದ ಹೆಸರೇ 'ಸಾಖರಪುಡಾ', ಸಕ್ಕರೆಯ ಪೊಟ್ಟಣ.

ಯೋಚಿಸಿ ನೋಡಿ. ಗಂಡನ ಹೆಸರನ್ನು ಬಾಯಲ್ಲಿ ತರಬಾರದೆಂದು ಹೆಂಗಸಿಗೆ ಕಟ್ಟುಪಾಡಿದ್ದ ಕಾಲ. ಸಿಹಿ ಮಾಡುವವಳು ಅವಳು, ಬಡಿಸುವವಳು ಅವಳು, ಎಲ್ಲರದಾದ ಮೇಲೆ ಉಳಿದದ್ದನ್ನು ತಿನ್ನುವವಳೂ ಅವಳು. ಅಂಥವಳಿಗೆ ಇಡೀ ಊರಿನ ಮುಂದೆ ಅವನ ಹೆಸರು ಹೇಳಲು, ಅವನ ಕೈಯಿಂದ ತಿನ್ನಲು ಅವಕಾಶವಿದ್ದ ಗಳಿಗೆ ಇದು. ಮಾತಾಡುವ ಬಾಯಿ, ತಿನ್ನುವ ಬಾಯಿ, ಎರಡೂ ಒಟ್ಟಿಗೆ ತೆರೆಯುತ್ತಿದ್ದವು. ಸಿಹಿತಿಂಡಿಯ ಪ್ರೇಮಕತೆ ಅಂದರೆ ನನ್ನ ಮಟ್ಟಿಗೆ ಇದೇ: ಅವಳೂ ತಿನ್ನಬೇಕು, ಅವಳೂ ಹೇಳಬೇಕು.

ಕಾಮನ ಕಬ್ಬು

ಸಿಹಿಗೂ ಶೃಂಗಾರಕ್ಕೂ ನಂಟು ಹಾಕಿದವರು ಚಾಕೊಲೇಟ್ ಕಂಪನಿಯವರಲ್ಲ. ನಮ್ಮ ಕಾಮನ ಬಿಲ್ಲೇ ಕಬ್ಬಿನದು. ಹೆದೆ ದುಂಬಿಗಳ ಸಾಲು, ಬಾಣ ಹೂವು. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯ ಕವಿ ಈ ಕಾಮನನ್ನೇ ನಾಯಕನನ್ನಾಗಿ ಮಾಡಿ 'ಕಬ್ಬಿಗರ ಕಾವ' ಬರೆದ. ಸಂಸ್ಕೃತವನ್ನು ಹಾಗೆಹಾಗೇ ಎರವಲು ತರದೆ ಅಚ್ಚಗನ್ನಡದಲ್ಲೇ ಕಾವ್ಯ ಕಟ್ಟುತ್ತೇನೆಂದು ಹೊರಟವನು ಆರಿಸಿಕೊಂಡ ವಸ್ತು ಯುದ್ಧವಲ್ಲ, ವೈರಾಗ್ಯವಲ್ಲ, ಕಾಮ! ಅದರಲ್ಲಿ ಕಾಮ ಶಿವನನ್ನೇ ಗೆದ್ದು ಅರ್ಧನಾರಿಯನ್ನಾಗಿ ಮಾಡುತ್ತಾನೆ. ಆ ಕಾವ್ಯಕ್ಕೆ 'ಸೊಬಗಿನ ಸುಗ್ಗಿ' ಎಂಬ ಹೆಸರೂ ಇದೆ. "ಕನ್ನಡದಾಗ ಇಂಥವೆಲ್ಲ ಚಂದ ಕೇಳಂಗಿಲ್ಲ" ಎನ್ನುವವರಿಗೆ ಆಂಡಯ್ಯ ಆಗಲೇ ಉತ್ತರ ಕೊಟ್ಟಾಗಿದೆ.

ಶಿರೂರು ತಾಲೂಕಿನಲ್ಲಿ ಕಬ್ಬಿಗೆ ಬರವಿಲ್ಲ. ಚಳಿಗಾಲ ಬಂತೆಂದರೆ ರಸ್ತೆ ತುಂಬ ಕಬ್ಬಿನ ಗಾಡಿಗಳು. ಕಡಿಯಲು ಬೀಡ್ ಮುಂತಾದ ಮರಾಠವಾಡದ ಜಿಲ್ಲೆಗಳಿಂದ ಗಂಡ ಹೆಂಡಿರು ಜೋಡಿಯಾಗಿಯೇ ಬರುತ್ತಾರೆ. ಇಬ್ಬರನ್ನೂ ಸೇರಿಸಿ ಲೆಕ್ಕದಲ್ಲಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು. ಇದೇ ಜೋಡಿಗಳು ನಮ್ಮ ಬೆಳಗಾವಿ ಕಡೆಗೂ ಹೋಗುತ್ತವೆ. ಆ ಹೆಣ್ಣುಮಕ್ಕಳಲ್ಲಿ ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರು ಬಹಳ ಎಂಬ ಸುದ್ದಿ 2019ರಲ್ಲಿ ದೇಶವೆಲ್ಲ ಓದಿತು. ಕೆಲಸ ತಪ್ಪಿದರೆ ದಂಡ, ಮುಟ್ಟಾದರೂ ಬಿಡುವಿಲ್ಲ. ನಮ್ಮ ಪ್ರೇಮಕ್ಕೆ ಸಕ್ಕರೆ ಒದಗಿಸುವ ಜೋಡಿಯ ಪ್ರೇಮ ಎಲ್ಲಿ ನಡೆಯಬೇಕು? ಗದ್ದೆ ಬದಿಯ ಗುಡಿಸಲಿನಲ್ಲಿ, ಬೆಳಗಿನ ಜಾವಕ್ಕೆ ಮತ್ತೆ ಕುಡುಗೋಲು ಹಿಡಿಯುವ ಮೊದಲು. ಸಿಹಿಯ ಕತೆ ಬರೆಯುವವರು ಈ ಕತೆಯನ್ನೂ ಬಿಡಬಾರದು.

ಯಾರು ತಿನ್ನುವವರು?

ಹಳೆಯ ಪುಸ್ತಕಗಳಲ್ಲೂ ನಾನು ಈ ಪ್ರಶ್ನೆಯನ್ನೇ ಹುಡುಕುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ರಾಜನ ಇಪ್ಪತ್ತು ಭೋಗಗಳಿಗೇ ಒಂದು ಭಾಗ. ಊಟ ಒಂದು ಭೋಗ, ತಾಂಬೂಲ ಒಂದು ಭೋಗ, ಹೆಣ್ಣೂ ಒಂದು ಭೋಗ. ಅಡುಗೆಯ ವಿವರ ಓದಿದರೆ ಬಾಯಲ್ಲಿ ನೀರೂರುತ್ತದೆ, ನಿಜ. ಆದರೆ ಆ ಪಟ್ಟಿಯಲ್ಲಿ ಅವಳು ತಟ್ಟೆಯಲ್ಲಿರುವವಳು, ತಟ್ಟೆಯ ಮುಂದೆ ಕೂತವಳಲ್ಲ.

ಅದಕ್ಕಿಂತ ಎಷ್ಟೋ ಶತಮಾನ ಹಿಂದೆ ಶಾತವಾಹನ ದೊರೆ ಹಾಲ ಸೇರಿಸಿದನೆಂದು ಹೇಳುವ 'ಗಾಹಾ ಸತ್ತಸಈ', ಸಂಸ್ಕೃತದಲ್ಲಿ 'ಗಾಥಾಸಪ್ತಶತಿ', ಬೇರೆಯೇ ಲೋಕ. ಮಹಾರಾಷ್ಟ್ರಿ ಪ್ರಾಕೃತದ ಏಳುನೂರರಷ್ಟು ಪುಟ್ಟ ಪದ್ಯಗಳು. ಒಂದೊಂದೂ ಒಂದು ಸಣ್ಣಕತೆ. ಹಳ್ಳಿ, ಹೊಲ, ಹೊಳೆ ದಂಡೆ, ಕದ್ದು ಸೇರುವ ಜೋಡಿಗಳು. ಅಲ್ಲಿ ಹೆಚ್ಚು ಮಾತಾಡುವವರು ಹೆಂಗಸರೇ. ಬೇಕೆನ್ನುತ್ತಾರೆ, ಮುನಿಯುತ್ತಾರೆ, ಅತ್ತೆಯ ಕಣ್ಣು ತಪ್ಪಿಸುತ್ತಾರೆ. ಆ ಶಾತವಾಹನರ ಶಾಸನ ನಮ್ಮ ಪುಣೆ ಜಿಲ್ಲೆಯ ಜುನ್ನರ್ ಕಡೆಯ ನಾಣೇಘಾಟಿನಲ್ಲೂ ಇದೆ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇದೆ. ಸನ್ನತಿ ಇರುವುದು ಭೀಮೆಯ ದಂಡೆಯಲ್ಲಿ. ನಮ್ಮೂರ ಘೋಡ ನದಿ ಸೇರುವುದೂ ಭೀಮೆಯನ್ನೇ. ಇಲ್ಲಿ ನಾನು ಪರಾತ ತೊಳೆದ ಸಕ್ಕರೆ ನೀರು ಎಂದಾದರೊಂದು ದಿನ ಕನ್ನಡನಾಡು ಮುಟ್ಟುತ್ತದೆ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ.

ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ ಮದ್ರಾಸಿಗೆ ಹೋಗಿ ನೆಲೆಸಿದ ಬೆಂಗಳೂರು ನಾಗರತ್ನಮ್ಮ. ನಮ್ಮ ಹಾಗೇ ಊರು ಬಿಟ್ಟು ಬದುಕಿದವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೆಂದು ಎಲ್ಲರಿಗೂ ಗೊತ್ತು. ಅವರು ಮಾಡಿದ ಇನ್ನೊಂದು ಕೆಲಸ ಗೊತ್ತಿರುವವರು ಕಡಿಮೆ. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ ಮುದ್ದುಪಳನಿ ಎಂಬವಳು ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಬಯಸುವವಳು ರಾಧೆ, ರಮಿಸಬೇಕಾದವನು ಕೃಷ್ಣ. ಅಶ್ಲೀಲವೆಂದು ಕೂಗೆದ್ದಿತು, ಬ್ರಿಟಿಷ್ ಸರ್ಕಾರ ಪುಸ್ತಕಕ್ಕೆ ನಿಷೇಧ ಹಾಕಿತು. ಗಂಡಸರು ಬರೆದ ಇಂಥ ಕಾವ್ಯಗಳನ್ನು ಒಪ್ಪಿದವರಿಗೆ ಹೆಂಗಸು ಬರೆದದ್ದು ಮಾತ್ರ ಯಾಕೆ ಚುಚ್ಚುತ್ತದೆ ಎಂಬುದು ನಾಗರತ್ನಮ್ಮನ ವಾದವಾಗಿತ್ತು. ನಿಷೇಧ ತೆರವಾದದ್ದು 1947ರಲ್ಲಿ, ಸ್ವಾತಂತ್ರ್ಯ ಬಂದ ವರ್ಷ. ಕನ್ನಡದಲ್ಲಿ ಅನಕೃ ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬಂದಾಗಲೂ ಇಂಥದೇ ಗದ್ದಲ ಆಯಿತು. ಅವರು ಅದಕ್ಕೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು.

ನಮ್ಮ ತಿಂಡಿ, ನಮ್ಮ ಕತೆ

ಹಾಗಾದರೆ ಕನ್ನಡದಲ್ಲಿ ಸಿಹಿಯ ಎಳೆಯಲ್ಲಿ ಪೋಣಿಸಿದ ಪ್ರೇಮಕತೆಗಳನ್ನು ಬರೆಯಲು ಏನು ಕೊರತೆ? ತಿಂಡಿಗಂತೂ ಕೊರತೆಯಿಲ್ಲ. ಬೆಳಗಾವಿಯ ಕುಂದಾ ಇದೆ; ಹಾಲು ತಳ ಹಿಡಿಯದಂತೆ ಕೆಂಪಗಾಗುವ ತನಕ ಕೈ ಬಿಡದೆ ತಿರುವಬೇಕು. ಅಷ್ಟು ಹೊತ್ತು ಒಲೆಯ ಮುಂದೆ ಪಕ್ಕಪಕ್ಕ ನಿಂತ ಇಬ್ಬರ ನಡುವೆ ಒಂದು ಕತೆ ಹುಟ್ಟದೇ ಇರುತ್ತದೆಯೇ? ಧಾರವಾಡದ ಪೇಡೆ ಇದೆ. ಅದನ್ನು ತಂದವರೇ ಉತ್ತರದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನ. ಊರು ಬಿಟ್ಟು ಬಂದವರ ಪ್ರೇಮಕ್ಕೆ ಅದಕ್ಕಿಂತ ಒಳ್ಳೆಯ ತಿಂಡಿ ಬೇಕೆ? ಹೋಳಿಗೆ ಇದೆ, ಮೈಸೂರು ಕಡೆಯವನು ಒಬ್ಬಟ್ಟು ಅನ್ನುತ್ತಾನೆ, ಇಲ್ಲಿಯವಳು ಪುರಣಪೋಳಿ ಅನ್ನುತ್ತಾಳೆ. ಹೆಸರಿಗೆ ಶುರುವಾದ ಜಗಳ ಮುಗಿಯುವುದು ತುಪ್ಪ ಹತ್ತಿದ ಬೆರಳಲ್ಲಿ.

ಕೊರತೆ ಇರುವುದು ಮಾತಿಗೆ, ಅಥವಾ ಧೈರ್ಯಕ್ಕೆ. ಪುಣೆ, ಮುಂಬೈ, ದಿಲ್ಲಿಯಲ್ಲಿರುವ ನಮ್ಮಲ್ಲಿ ಕನ್ನಡ ಯಾವುದಕ್ಕೆ ಉಳಿದಿದೆ ನೋಡಿ. ಅಮ್ಮನ ಜೊತೆ ಫೋನಿಗೆ, ಮಕ್ಕಳನ್ನು ಬೈಯಲು, ಪಕ್ಕದವರಿಗೆ ತಿಳಿಯದಂತೆ ಬೆಲೆ ಮಾತಾಡಲು. ಪ್ರೀತಿ ಹೇಳಬೇಕಾದಾಗ ಮಾತ್ರ ಇಂಗ್ಲಿಷ್. ನಾಚಿಕೆ ಮುಚ್ಚಿಕೊಳ್ಳಲು ಅದೊಂದು ಮುಸುಕು. 'ಸವಿ' ಎಂಬ ಪುಟ್ಟ ಮಾತು ನಮ್ಮಲ್ಲಿದೆ. ರುಚಿಯೂ ಅದೇ, ಸಿಹಿಯೂ ಅದೇ, ಮೆಲ್ಲಗೆ ಅನುಭವಿಸುವುದೂ ಅದೇ. ಅಂಥ ಮಾತನ್ನು ಹೋಟೆಲಿನ ಬೋರ್ಡಿಗೆ ಬಿಟ್ಟುಕೊಟ್ಟಿದ್ದೇವೆ. ಹಾಸಿಗೆಯಲ್ಲಿ ಕನ್ನಡ ನಿಂತರೆ ಮುಂದಿನ ತಲೆಮಾರಿನ ತೊಟ್ಟಿಲಲ್ಲೂ ನಿಲ್ಲುತ್ತದೆ ಎಂಬುದು ನನ್ನ ಭಯ.

ತಂಗಿಗೆ ಈ ಮಾರ್ಗಶಿರದಲ್ಲಿ ಮದುವೆ. ಹುಡುಗ ಪುಣೆಯ ಮರಾಠಿಯವನು. ಮದುವೆ ನಡೆಸಿಕೊಡುವ ಕಂಪನಿಯವರ ಪಟ್ಟಿಯಲ್ಲಿ ಕೇಕ್ ಕತ್ತರಿಸುವುದಕ್ಕೆ ಅರ್ಧ ಗಂಟೆ ಇದೆಯಂತೆ, ಒಡಪಿಗೆ ಜಾಗವಿಲ್ಲವಂತೆ. "ಅದೆಲ್ಲ ಹಳೇದಲ್ಲೇನಕ್ಕಾ?" ಎಂದು ಕೇಳಿದಳು.

"ನೀ ಕಳಿಸಿದ ಪುಸ್ತಕದಾಗ ಇರೋದು ಅದೇ ಅಲ್ಲೇನ? ಬಾಯಿಗೆ ಸಿಹಿ ಇಡೋದು, ಹೆಸರು ಕರಿಯೋದು. ನಮ್ಮಲ್ಲಿ ಅದನ್ನ ಊರ ಮುಂದ ಮಾಡ್ತಿದ್ರು, ಅಷ್ಟ ಫರಕು" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದ್ ಒಡಪು ಬರದು ಕೊಡು" ಎಂದಳು. ಕೊಡುವುದಿಲ್ಲ ಎಂದೆ. ಅವನ ಹೆಸರಿಗೆ ಪ್ರಾಸ ಅವಳೇ ಹುಡುಕಬೇಕು.

ಅವಳ ಮೊದಲ ಸಂಕ್ರಾಂತಿಗೆ ಸರ ಮಾತ್ರ ನಾನೇ ಮಾಡುವವಳು. ಕೈ ಪಳಗಲಿ ಎಂದು ನಿನ್ನೆ ಸ್ವಲ್ಪ ಕುಸುರೆಳ್ಳು ಮಾಡಲು ಕೂತಿದ್ದೆ. ಇವರು ಬಂದು ಪಕ್ಕದಲ್ಲಿ ಕುಳಿತು ಪರಾತಕ್ಕೆ ಕೈ ಹಾಕಿದರು. ಬೆರಳು ಸುಟ್ಟುಕೊಂಡರು. ನೀರಿಗೆ ಹಿಡಿಯಿರಿ ಎಂದೆ. ಹಿಡಿಯಲಿಲ್ಲ, ಸಕ್ಕರೆ ಹತ್ತಿದ ಬೆರಳನ್ನು ನನ್ನ ಬಾಯಿಯ ಹತ್ತಿರ ತಂದರು. ಮಕ್ಕಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಉರಿ ಸಣ್ಣಗಿತ್ತು.