ಅಂಗಳದಲ್ಲೊಂದು ಗೌರಿ ಹೂವಿನ ಬಳ್ಳಿ

ಭಾದ್ರಪದ ಹತ್ತಿರವಾಯಿತೆಂದರೆ ಮಲೆನಾಡಿನ ಬೇಲಿಗಳಿಗೆ ಬಣ್ಣ ಬರುತ್ತದೆ. ಲಂಟಾನದ ಪೊದೆಯೊಳಗಿಂದ, ತೋಟದ ಅಗಳದ ಏರಿಯಿಂದ, ರಸ್ತೆ ಬದಿಯ ಧರೆಯಿಂದ ಗೌರಿ ಹೂ ಇಣುಕುತ್ತದೆ. ಶಿರಸಿ, ಸಿದ್ದಾಪುರದ ಕಡೆ ಚೌತಿಗೆ ಗಣಪತಿಯ ಮೇಲೆ ಹಣ್ಣು-ಹೂಗಳ ಫಲಾವಳಿ ಕಟ್ಟುವಾಗ ಇದನ್ನು ಹುಡುಕಿಕೊಂಡು ಬೆಟ್ಟ ಸುತ್ತುತ್ತಾರೆ. ಗಣಪತಿ ನೀರಿಗೆ ಹೋದ ಮೇಲೂ ಮಳೆ ಹದವಾಗಿದ್ದರೆ ಹೂ ಬಿಡುತ್ತಲೇ ಇರುತ್ತದೆ.

ಈ ಹೂವನ್ನು ಹತ್ತಿರ ನಿಂತೇ ನೋಡಬೇಕು. ಹಸಿರು ಮೊಗ್ಗು ತಲೆ ತಗ್ಗಿಸಿ ತೂಗುತ್ತಿರುತ್ತದೆ. ಅರಳುವಾಗ ಆರು ಎಸಳುಗಳೂ ಹಿಂದಕ್ಕೆ ಮಡಚಿ ಮೇಲೇಳುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಂಚೆಲ್ಲ ಅಲೆ ಅಲೆ. ಗಾಳಿ ಬೀಸಿದರೆ ಒಲೆಯ ಉರಿಯೇ ಹೊಯ್ದಾಡಿದಂತೆ. ದಿನ ಕಳೆದಂತೆ ಹಳದಿ ಕರಗಿ ಇಡೀ ಹೂ ಕಡುಗೆಂಪಾಗುತ್ತದೆ. ಎಸಳುಗಳ ಕೆಳಗೆ ಆರು ಕೇಸರಗಳು ಸುತ್ತಲೂ ಚಾಚಿಕೊಂಡಿರುತ್ತವೆ. ನನಗೆ ಎಲ್ಲಕ್ಕಿಂತ ಬೆರಗು ಅದರ ಶಲಾಕೆ. ಅಂಡಾಶಯದಿಂದ ಹೊರಟದ್ದೇ ಥಟ್ಟನೆ ಪಕ್ಕಕ್ಕೆ ತಿರುಗಿ ಹೂವಿನಿಂದಾಚೆ ಹೋಗಿಬಿಡುತ್ತದೆ. ಹಾಗಾಗಿ ತನ್ನ ಪರಾಗ ತನಗೇ ಅಂಟುವುದು ಕಡಿಮೆ. ಮಕರಂದಕ್ಕೆ ಬಂದ ಚಿಟ್ಟೆಯ ರೆಕ್ಕೆಗೆ ಮೆತ್ತಿಕೊಂಡ ಪರಾಗ ಮತ್ತೊಂದು ಹೂವಿಗೆ ಸಾಗುತ್ತದೆ.

ಮನೆಯಂಗಳದಲ್ಲಿ ಬೆಳೆಸುವುದು ಕಷ್ಟವೇನಲ್ಲ. ಗೆಡ್ಡೆಗೆ ಎರಡು ಕವಲು, ಮೊಳಕೆಯ ಕಣ್ಣು ಕವಲಿನ ತುದಿಯಲ್ಲಿ ಮಾತ್ರ. ತುದಿ ಮುರಿದ ಕವಲು ಚಿಗುರುವುದಿಲ್ಲ, ಆದ್ದರಿಂದ ಜೋಪಾನ. ಮುಂಗಾರಿಗೆ ಮುಂಚೆ 3 ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಿ ಮಣ್ಣು ಮುಚ್ಚಬೇಕು. ನೀರು ನಿಂತರೆ ಕೊಳೆಯುತ್ತದೆ. ಮರಳು ಬೆರೆತ ಇಳಿಜಾರಿನ ಜಾಗ ಒಳ್ಳೆಯದು. ಈ ಬಳ್ಳಿಗೆ ಎಲೆಯ ತುದಿಯೇ ಕೈ. ಅದು ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಂಡು ಮೇಲೇರುತ್ತದೆ. ದಪ್ಪ ಗೂಟ ಅದರ ಹಿಡಿತಕ್ಕೆ ಸಿಗದು. ಬಿದಿರಿನ ಸೀಳು ಇಲ್ಲವೇ ಒಣ ರೆಂಬೆ ಸಾಕು, ದಾಸವಾಳದ ಗಿಡವಿದ್ದರೆ ಇನ್ನೂ ಚೆಂದ. ಬೀಜದಿಂದ ಬೆಳೆಸುವವರು ಹೂವಿಗೆ 3–4 ವರ್ಷ ಕಾಯಬೇಕು.

ಮಳೆಗಾಲ ಮುಗಿದು ಚಳಿ ಬಿದ್ದರೆ ಬಳ್ಳಿ ಹಳದಿಯಾಗಿ ಒಣಗಿಹೋಗುತ್ತದೆ. ಸತ್ತಿತೆಂದು ಅಗೆಯಬೇಡಿ. ಗೆಡ್ಡೆ ಒಳಗೆ ಜೀವ ಹಿಡಿದು ಕೂತಿರುತ್ತದೆ. ಆ ಜಾಗಕ್ಕೊಂದು ಕಡ್ಡಿ ನೆಟ್ಟು ಗುರುತಿಟ್ಟು ಬೇಸಿಗೆಯಿಡೀ ನೀರು ಹಾಕದೆ ಬಿಟ್ಟರೆ, ಮೊದಲ ಮಳೆಗೆ ಮತ್ತೆ ಚಿಗುರು ಏಳುತ್ತದೆ.

ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಗೆಡ್ಡೆಯಿಂದ ಬೀಜದವರೆಗೆ ಇಡೀ ಗಿಡ ವಿಷ. ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆ ವಿಷವಾದ ಕಾಲ್ಚಿಸಿನ್ ಗೌಟ್ ಕಾಯಿಲೆಗೆ ಔಷಧವೂ ಹೌದು. ತಮಿಳುನಾಡಿನಲ್ಲಿ ರೈತರು ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ, ಆ ರಾಜ್ಯದ ಹೂವೂ ಇದೇ. ಔಷಧದ ಆಸೆಗೆ ಕಾಡಿನ ಗೆಡ್ಡೆ ಅಗೆದು ಅಗೆದು ಹಲವು ಕಡೆ ಬಳ್ಳಿ ಅಪರೂಪವಾಗಿದೆ. ಬೇಲಿಯ ಬಳ್ಳಿಯನ್ನು ಬೇಲಿಗೇ ಬಿಡಿ, ನಾಲ್ಕು ಬೀಜ ತಂದು ಮಕ್ಕಳೂ ದನಗಳೂ ಸುಳಿಯದ ಮೂಲೆಯಲ್ಲಿ ಊರಿ, ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದುಕೊಳ್ಳಿ.