ಹಾಲುಹಲ್ಲಿನ ಲೆಕ್ಕ

ತಮ್ಮನ ಮೊದಲ ಹಾಲುಹಲ್ಲು ಬಿದ್ದ ದಿನ ಅಮ್ಮ ಅದನ್ನು ಸಗಣಿ ಉಂಡೆಯೊಳಗೆ ಇಟ್ಟು ಮಾಡಿನ ಮೇಲೆ ಎಸೆಯಲು ಹೇಳಿದಳು. ಅತ್ತಿಗುಂಡಿಯಲ್ಲಿ ನಾವಿರುವುದು ಕಾಫಿ ತೋಟದ ಲೈನ್ ಮನೆಯಲ್ಲಿ. ಹಂಚಿಲ್ಲ, ಶೀಟು. ಉಂಡೆ ದಬ್ಬೆಂದು ಬಡಿದು, ಉರುಳಿ ಅವನ ಕಾಲ ಬುಡಕ್ಕೇ ವಾಪಸ್ ಬಂತು. ‘ಹಂಗಾದ್ರೆ ನಂಗೆ ಹಲ್ಲು ಹುಟ್ಟಲ್ವಾ?’ ಅಂತ ಅವನು ಅಳಲು ಶುರು ಮಾಡಿದ.

ಕಳೆದ ವರ್ಷ ಬಿ.ಎಸ್ಸಿ. ಕ್ಲಾಸಿನಲ್ಲಿ ಸ್ಟ್ರಾನ್ಷಿಯಂ ಪಾಠ ಮಾಡುತ್ತಿದ್ದ ಮೇಡಂ ಹಾಲುಹಲ್ಲಿನ ಕಥೆ ತೆಗೆದಾಗ ಆ ಉಂಡೆ ನೆನಪಾಗಿ ನಗು ಬಂತು. ಕಥೆ ಮುಗಿಯುವಾಗ ನಗು ಇರಲಿಲ್ಲ.

1950ರ ದಶಕದಲ್ಲಿ ಅಮೆರಿಕ, ಸೋವಿಯತ್ ದೇಶಗಳು ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದವು. ಅದರ ದೂಳು ಮಳೆಯ ಜೊತೆ ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ ಇಳಿಯುತ್ತಿತ್ತು. ಅದರಲ್ಲಿದ್ದ ಸ್ಟ್ರಾನ್ಷಿಯಂ-90ಗೆ ಕ್ಯಾಲ್ಸಿಯಂನ ವೇಷ. ಮಕ್ಕಳ ಮೂಳೆ, ಹಲ್ಲಿನಲ್ಲಿ ಸದ್ದಿಲ್ಲದೆ ಕೂತುಬಿಡುತ್ತದೆ. 1958ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಡಾ. ಲೂಯಿಸ್ ರೈಸ್ ಎಂಬ ವೈದ್ಯೆಯ ಮುಂದಾಳತ್ವದಲ್ಲಿ ಹಾಲುಹಲ್ಲು ಸಂಗ್ರಹ ಶುರುವಾಯಿತು. ತಾಯಂದಿರು ಮಕ್ಕಳ ಹಲ್ಲನ್ನು ಅಂಚೆಯಲ್ಲಿ ಕಳಿಸಿದರು. ಕೊಟ್ಟ ಮಗುವಿಗೆ ‘ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ’ ಎಂಬ ಬಿಲ್ಲೆ. 1970ರ ಹೊತ್ತಿಗೆ ಬಂದ ಹಲ್ಲುಗಳು ಸುಮಾರು 3 ಲಕ್ಷ! ಸ್ಟ್ರಾನ್ಷಿಯಂ ಏರುತ್ತಿರುವುದು ಲೆಕ್ಕದಲ್ಲಿ ಕಂಡಿತು. ಬಯಲು ಪರೀಕ್ಷೆ ನಿಲ್ಲಿಸುವ 1963ರ ಒಪ್ಪಂದಕ್ಕೆ ಅದೂ ಒಂದು ಬಲವಾಯಿತು.

ನಮ್ಮ ಕಡೆ ಇಂಥವರು ಯಾರೂ ಇರಲಿಲ್ಲವೇ ಎಂದು ಲೈಬ್ರರಿಯಲ್ಲಿ ಹುಡುಕಿದಾಗ ಸಿಕ್ಕವರು ಕುಸುಮಕ್ಕ. ಡಾ. ಕುಸುಮಾ ಸೊರಬ. ಹೊನ್ನಾವರದ ಕಾಸರಕೋಡಿನ ‘ಸ್ನೇಹಕುಂಜ’ದಲ್ಲಿ ಹಳ್ಳಿಗರಿಗೆ ಮದ್ದು ಕೊಡುತ್ತಿದ್ದ ವೈದ್ಯೆ. ಕಾರವಾರದ ಹತ್ತಿರ ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬರುತ್ತದೆ ಎಂದಾಗ ಅವರು ಬೀದಿಗಿಳಿದರು. ಶರಾವತಿಯ ಗೇರುಸೊಪ್ಪ ಯೋಜನೆಯನ್ನೂ ವಿರೋಧಿಸಿದರು. ಅದೇ ಕೈಗಾ ವಿಷಯಕ್ಕೆ 87 ವರ್ಷದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತು ಸೋತ ಕಥೆ ಎಲ್ಲರಿಗೂ ಗೊತ್ತು. ಕುಸುಮಕ್ಕನ ಹೆಸರು ನನ್ನ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ. 1998ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

‘ಓದು ಬರಹ ಇಲ್ಲದವರಿಗೆ ಅಣುಶಕ್ತಿ ಏನು ಅರ್ಥವಾಗುತ್ತೆ’ ಎನ್ನುವವರು ನಮ್ಮ ಕ್ಲಾಸಿನಲ್ಲೂ ಇದ್ದಾರೆ. ಆದರೆ 1994ರ ಮೇ 13ರಂದು ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಗಿನಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟು ಕಳಚಿ ಬಿತ್ತು. ಅದನ್ನು ಕಟ್ಟಿದವರು ಓದಿದವರೇ. ಇಂಧನ ತುಂಬಿರಲಿಲ್ಲ, ಬಚಾವ್. ಈಗ ಅಲ್ಲಿ 220 ಮೆಗಾವಾಟಿನ 4 ಘಟಕಗಳಿವೆ. 700 ಮೆಗಾವಾಟಿನ ಇನ್ನೆರಡಕ್ಕಾಗಿ 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಅಹವಾಲು ಸಭೆ ನಡೆದಾಗ ವಿರೋಧ ಮತ್ತೆ ಎದ್ದಿತು.

ಅಣುವಿದ್ಯುತ್ ಬೇಡವೇ ಬೇಡ ಎಂದು ನಾನು ಹೇಳಲಾರೆ. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಪರೀಕ್ಷೆಗೆ ಓದಿದವಳು ನಾನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಅದು ಗೊತ್ತಾಗಿದ್ದು ಹೇಗೆ? ಅಲ್ಲಿನ ಕೆಲಸಗಾರರ ಮೂತ್ರವನ್ನು ತಪ್ಪದೆ ಪರೀಕ್ಷೆ ಮಾಡುತ್ತಾರೆ, ಅದರಿಂದ. ಒಳಗಿದ್ದವರ ಮೈಗೆ ಲೆಕ್ಕ ಇತ್ತು.

ನಮ್ಮಮ್ಮನ ಮೈಗೆ ಯಾರ ಹತ್ತಿರ ಲೆಕ್ಕ ಇದೆ? ಹದಿನಾರು ವರ್ಷದಿಂದ ಅರೇಬಿಕಾ ಗಿಡದ ನಡುವೆ ಬಗ್ಗಿ ಕೆಲಸ ಮಾಡುತ್ತಾಳೆ. ಕಾಂಡಕೊರಕಕ್ಕೆ ಹೊಡೆಯುವ ವಿಷಕ್ಕೆ ನಾವೆಲ್ಲ ‘ಔಷಧಿ’ ಎನ್ನುತ್ತೇವೆ. ಹೊಡೆದ ಮಾರನೇ ದಿನ ಅವಳ ಕಣ್ಣು ಉರಿಯುತ್ತದೆ, ಬೆರಳ ಸಂದಿ ಸುಲಿಯುತ್ತದೆ. ಪಕ್ಕದ ಮನೆಯ ಚಿಕ್ಕಮ್ಮ ಏಳು ತಿಂಗಳ ಬಸುರಿಯಾಗಿದ್ದಾಗಲೂ ಅದೇ ಸಾಲಿನಲ್ಲಿ ಇದ್ದಳು. ಯಾವ ಔಷಧಿ ಎಂದು ಕೇಳಿದರೆ ತೋಟದ ರೈಟರು, ‘ನಿಂಗ್ಯಾಕೆ ಅದೆಲ್ಲ?’ ಅಂದರಂತೆ. ಖಾಲಿ ಡಬ್ಬ ಮಾತ್ರ ಧಾರಾಳವಾಗಿ ಕೊಡುತ್ತಾರೆ. ನಮ್ಮ ಬಚ್ಚಲಲ್ಲಿ ನೀರು ತುಂಬಿಡುವುದು ಅದರಲ್ಲೇ.

ಕುಸುಮಕ್ಕನ ವಿಷಯ ಹೇಳಿದ ರಾತ್ರಿ ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ ಡಬ್ಬದ ನೀರು ಚೆಲ್ಲಿ ನನ್ನ ಮುಂದಿಟ್ಟಳು: ‘ಇದ್ರ ಮೇಲೆ ಏನ್ ಬರ್ದಿದೆ, ಓದು.’ ಚೀಟಿ ಅರ್ಧ ಹರಿದಿತ್ತು. ಅಕ್ಷರ ಸಾಸಿವೆ ಕಾಳಿನಷ್ಟು, ಅದೂ ಇಂಗ್ಲಿಷ್, ಹಿಂದಿ. ಮೊಬೈಲ್ ಬೆಳಕಿನಲ್ಲಿ ಹೆಸರು ಕೂಡಿಸಿ ಓದಿದೆ. ಚೌಕದ ಕೆಳಗಿನ ಅರ್ಧ ಹಳದಿ ಬಣ್ಣ. ಕೆಂಪು ಬಿಟ್ಟರೆ ಹಳದಿಯೇ ಹೆಚ್ಚು ವಿಷ, ನೀಲಿ, ಹಸಿರು ಆಮೇಲಿನವು ಎಂದು ಹೇಳಿದೆ. ‘ಹಸಿರು ಅಂದ್ಕೊಂಡಿದ್ದೆ’ ಅಂದಳು.

ಬೆಳಿಗ್ಗೆ ಬುತ್ತಿಯ ಜೊತೆ ಆ ಡಬ್ಬವನ್ನೂ ಚೀಲಕ್ಕೆ ಹಾಕಿಕೊಂಡಳು. ಚಿಕ್ಕಮ್ಮ ಕಂಕುಳಲ್ಲಿ ಮಗು ಎತ್ತಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಹಿಂದೆ ಇನ್ನೂ ನಾಲ್ಕು ಜನ. ಹಾಜರಿ ಹಾಕುವ ಜಾಗಕ್ಕೆ ಮಂಜಿನಲ್ಲಿ ಇಳಿದು ಹೋದರು.